ಟೀವಿಯಲ್ಲಿ ಸತ್ತ ಮಾವ

ನಮ್ಮ ಸೋದರಮಾವ ಒಮ್ಮೆ ಟೀವಿಯಲ್ಲಿ ಸತ್ತಿದ್ದರು! ಹಾಗಂತ ಅವರೇ ಹೇಳುತ್ತಾರೆ. ನಿಜವಾಗಿ ಸತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಭಾನುವಾರ ಹಿರಿಯೂರಿನ ಅವರ ನಡುಮನೆಯಲ್ಲಿ, ಟೀವಿಯ ಎದುರಿಗೇ, ನಾನು ಕೂತಿದ್ದೆನಂತೆ. ಕೂತಿದ್ದೆನೇ? ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅಲ್ಲಿಂದ ಬಂದ ಮೇಲೆ ನನ್ನ ನೆನಪನ್ನೂ ನಂಬದಂತಾದೆ.

ಮಾವನ ಪ್ರಕಾರ ಕಥೆ ಹೀಗೆ. ದೇಶಕ್ಕೆಲ್ಲ ಒಂದೇ ಚಾನೆಲ್ ಇದ್ದ ಕಾಲ. ಚಿತ್ರದುರ್ಗದ ಕೋಟೆಯಲ್ಲಿ ಒಂದು ಐತಿಹಾಸಿಕ ಧಾರಾವಾಹಿಯ ಚಿತ್ರೀಕರಣ. ನೋಡಲು ಹೋದ ಮಾವನನ್ನು ಹಿಡಿದು, ಸೈನಿಕನ ವೇಷ ಹಾಕಿ, ಹೆಣಗಳ ಸಾಲಿನ ಕೊನೆಯಲ್ಲಿ ಮಲಗಿಸಿದರಂತೆ.

"ಮಂಡಕ್ಕಿ ಮೆಣಸಿನಕಾಯಿ ಜಾಸ್ತಿ ತಿಂದ್ಬಿಟ್ಟಿದ್ದೆ ಕಣ್ಲೇ. ಹೊಟ್ಟೆ ಸುಮ್ನಿರ್ತಿರ್ಲಿಲ್ಲ. ಡೈರೆಕ್ಟರು, 'ಏ ಹೆಣ, ಉಸಿರಾಡ್ಬ್ಯಾಡ!' ಅಂತ ಬೈದ. ಉಸಿರು ಬಿಡ್ದಂಗೆ ಎಷ್ಟೊತ್ತು ಸಾಯಾದು?"

ಇಂಥವರನ್ನು ನಂಬುವುದು ಹೇಗೆ ಹೇಳಿ? ವಾರ್ತೆ ಓದುವ ಹೆಂಗಸಿಗೆ ತಮ್ಮ ಮನೆಯೊಳಗೆಲ್ಲ ಕಾಣುತ್ತದೆಂಬ ಅನುಮಾನದಿಂದ, ವಾರ್ತೆ ಮುಗಿಯುವವರೆಗೂ ಅಂಗಿಯ ಗುಂಡಿ ಬಿಚ್ಚದ ಮನುಷ್ಯ! ಅತ್ತೆ ಅವಳ ಸೀರೆಯ ಬಗ್ಗೆ ಏನಾದರೂ ಅಂದರೆ, "ಮೆಲ್ಲಗೆ ಮಾತಾಡೇ, ಕೇಳಿಸ್ಕಂತಾಳೆ" ಎಂದು ಗದರುತ್ತಿದ್ದರು.

ಈಗ ಸಾವಿನ ಕಂತಿಗೆ ಬರೋಣ. ಬೀದಿಗೆಲ್ಲ ಇದ್ದದ್ದು ಮಾವನ ಟೀವಿ ಒಂದೇ. ಗಾಳಿ ಬೀಸಿದರೆ ಚಿತ್ರ ಹೋಗಿ ಪರದೆಯ ತುಂಬ ಇರುವೆ ಮುತ್ತಿದ ಹಾಗಾಗುತ್ತಿತ್ತು. ಆಂಟೆನಾ ತಿರುಗಿಸಲು ತಾರಸಿ ಹತ್ತುವವರು ಮಾವನೇ. ಬೇರೆಯವರು ಮುಟ್ಟಿದರೆ ಕೆಡಿಸುತ್ತಾರೆಂಬ ಗುಮಾನಿ. ಆ ಭಾನುವಾರ ಸರಿಯಾಗಿ ಯುದ್ಧದ ಹೊತ್ತಿಗೆ ಚಿತ್ರ ಹೋಯಿತು.

ತಾರಸಿಯಿಂದ ಮಾವ: "ಬಂತೇನ್ರೋ?"

ಕೆಳಗಿನಿಂದ ಬೀದಿಗೆ ಬೀದಿಯೇ: "ಇಲ್ಲ, ಇನ್ನೊಂಚೂರು!"

ಅವರು ಇಳಿದು ಬರುವಷ್ಟರಲ್ಲಿ ಸೋಪಿನ ಜಾಹೀರಾತು.

ಅಂದಿನಿಂದ ಮಾವನಿಗೆ ಇಡೀ ಬೀದಿಯ ಮೇಲೆ ಸಂಶಯ. "ನಾನು ಬಂದಿದ್ರೂ ಬಂದಿಲ್ಲ ಅಂದ್ರು ಕಣ್ಲೇ, ಹೊಟ್ಟೆಕಿಚ್ಚಿಗೆ!" ಬೀದಿಗೆ ಮಾವನ ಮೇಲೆ. "ಕೋಟೆಗೆ ಹೋಗಿದ್ನೋ, ಬರೀ ಮಂಡಕ್ಕಿ ಅಂಗ್ಡಿಗೆ ಹೋಗಿದ್ನೋ!" ನಾನು ರಜೆಗೆ ಹೋದಾಗಲೆಲ್ಲ ಅದೇ ವಿಚಾರಣೆ.

"ನೀನು ಮುಂದೇ ಕುಂತಿದ್ದೆ. ನಾನು ಬಂದಿದ್ನೋ ಇಲ್ವೋ? ನಿಜ ಹೇಳ್ಬಿಡು."

"ನೆನಪಿಲ್ಲ ಮಾವ."

"ಓದಿದೋನಿಗೆ ಇಷ್ಟೂ ನೆನಪಿರಲ್ವೇನಪ್ಪ?"

ನನಗೆ ನೆನಪಿರುವುದು ಇರುವೆಗಳು ಮಾತ್ರ. ಅದೂ ಮಾವ ಹೇಳಿ ಹೇಳಿ ಬಂದ ನೆನಪೋ ಏನೋ!

ಹೋದ ತಿಂಗಳು, ಆ ಧಾರಾವಾಹಿಯ ಹಳೆಯ ಕಂತುಗಳನ್ನು ಯಾರೋ ಪುಣ್ಯಾತ್ಮರು ಅಂತರ್ಜಾಲಕ್ಕೆ ಏರಿಸಿದ್ದಾರೆಂದು ತಿಳಿದು, ಫೋನು ಹಿಡಿದು ಹಿರಿಯೂರಿಗೆ ಹೋದೆ. ಮಾವನಿಗೆ ಈಗ ಕಣ್ಣು ಕಾಣುವುದಿಲ್ಲ. ಯುದ್ಧದ ಸದ್ದು ಕೇಳಿದೊಡನೆ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು.

"ಬಂತೇನ್ಲೇ?"

"ಇನ್ನೂ ಇಲ್ಲ ಮಾವ."

"ನೀನೂ ಆ ಬೀದಿಯೋರ ಥರ ಹೇಳ್ಬ್ಯಾಡ."

ಸಣ್ಣ ಪರದೆಯಲ್ಲಿ ಧೂಳು, ಕಲ್ಲು, ಬಿದ್ದ ಮೈಗಳು. "ಬಂತು ಮಾವ. ಬಂತು!" ಎಂದು ಕೂಗಿದೆ.

ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು. "ನನ್ನ ಸಮಾಧಾನಕ್ಕೆ ಅಂತಿಲ್ಲ ತಾನೇ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಬಂದೆ. ದೃಶ್ಯವನ್ನು ಹಿಂದಕ್ಕೆ ಓಡಿಸಿ, ದೊಡ್ಡದು ಮಾಡಿ ಮತ್ತೆ ನೋಡಿದೆ. ಮುಖ ಗುರುತು ಹತ್ತುವುದಿಲ್ಲ, ಗುರಾಣಿ ಅಡ್ಡ ಇದೆ. ಆದರೆ ಸಾಲಿನ ಕೊನೆಯ ಹೆಣ ಉಸಿರಾಡುತ್ತಿದೆ.