ಹುಡ್ಡು ಮಡಚುವ ಮೋಟಾರಿನ ಪರೀಕ್ಷೆ

ನಾನು ಅಂಜುಬುರುಕನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಹಾವು, ಚೇಳು, ಸೇಲ್ಸ್‌ಟ್ಯಾಕ್ಸ್ ಸಾಹೇಬರು, ಇವಕ್ಕೆ ನಮ್ಮ ಇಂಡಿ ಊರಿನ ನಾಲ್ಕು ಮಂದಿ ಎಷ್ಟು ಹೆದರುತ್ತಾರೋ ನಾನೂ ಅಷ್ಟೇ ಹೆದರುತ್ತೇನೆ. ನನ್ನ ಸ್ವಂತದ, ಖಾಸಾ ಭಯವೆಂದರೆ ಒಂದೇ: ಮೋಟಾರು. ಎತ್ತಿಲ್ಲದೆ ಗಾಡಿ ಓಡುವುದು ಸೃಷ್ಟಿನಿಯಮಕ್ಕೇ ವಿರುದ್ಧ. ಎತ್ತಿಗೆ ಕಣ್ಣಿದೆ, ತನ್ನ ಪ್ರಾಣದ ಮೇಲೆ ಆಸೆಯಿದೆ, ಹಳ್ಳ ಕಂಡರೆ ನಿಲ್ಲುತ್ತದೆ. ಮೋಟಾರಿಗೆ ಇದಾವುದೂ ಇಲ್ಲ. ವಿಜಾಪುರದ ಬಸ್ಸಿನಲ್ಲಿ ನಾನು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತುಬಿಡುತ್ತೇನೆ. ಕಂಡಕ್ಟರನು ನನ್ನನ್ನು ನಿದ್ದೆಬುರುಕ ಎಂದುಕೊಂಡಿದ್ದಾನೆ. (ಅಂದುಕೊಳ್ಳಲಿ. ನಿದ್ದೆಬುರುಕ ಅನ್ನಿಸಿಕೊಂಡರೆ ಅಂಗಡಿಯ ಪತ್ತು ಹೋಗುವುದಿಲ್ಲ.)

ಇಂಥವನ ಮನೆಗೇ ಮೋಟಾರು ತರಬೇಕೆಂದು ನನ್ನ ಹೆಂಡತಿ ಸಗೀರಾ ಹಟ ಹಿಡಿದಳು. ಅವಳ ಅಣ್ಣ ನಬಿಲಾಲ ಸಿಂದಗಿಯಲ್ಲಿ ಜೀಪು ಕೊಂಡದ್ದೇ ಮೂಲ. ನನ್ನದು ಜೋಳ, ಶೇಂಗಾದ ಅಡತಿ ಅಂಗಡಿ. ಪ್ರತಿವರ್ಷ "ಧಾರಣಿ ಬಿದ್ದೈತಿ" ಎಂದು ಪಾರಾಗುತ್ತಿದ್ದೆ. ನನ್ನ ದುರ್ದೈವಕ್ಕೆ ಆ ವರ್ಷ ಶೇಂಗಾಕ್ಕೆ ಬಂಗಾರದಂಥ ಧಾರಣೆ ಬಂತು. ಊರೆಲ್ಲ ಹಿಗ್ಗಿದರೆ ನಾನೊಬ್ಬ ಕುಗ್ಗಿದೆ.

"ನಮ್ಮಣ್ಣನ ಮನಿ ಹೆಣ್ಣಮಕ್ಕಳು ಜೀಪಿನ್ಯಾಗ ಬರ್ತಾರ. ನಾವು ಇನ್ನೂ ಬಸ್ಸಿನ್ಯಾಗ ಕೋಳಿಬುಟ್ಟಿ ಜೋಡಿ ಕೂಡಬೇಕೇನ್ರಿ?" ಎಂದಳು ಸಗೀರಾ.

"ಕೋಳಿ ಪಾಪ, ಏನೂ ಅನ್ನೂದಿಲ್ಲಲ್ಲ."

"ಕೋಳಿ ಅನ್ನೂದಿಲ್ಲ. ನಾ ಅಂತೇನಿ."

ನನ್ನ ತಾಯಿ ಹಜರಾಬಿ ಸೊಸೆಯ ಕಡೆಗೇ ನಿಂತಳು. ಸಾಯುವುದರೊಳಗೆ ಒಮ್ಮೆ ಸ್ವಂತ ಮೋಟಾರಿನಲ್ಲಿ ಕೂತು ಹೋಗಬೇಕಂತೆ. ಕೂತರೆ ಎರಡೂ ಕೆಲಸ ಒಟ್ಟಿಗೇ ಆದೀತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಗ ನನಗೆ ಬೆಳಕು ತೋರಿಸಿದವರು ನೆರೆಮನೆಯ ಪಂಢರಿನಾಥ ಮಾಸ್ತರರು. ಸೊಲ್ಲಾಪುರದಲ್ಲಿ ಅವರ ಸೋದರಮಾವನ ಮೋಟಾರು ರಿಪೇರಿ ಅಂಗಡಿ ಇದೆ. ಸಾಲೆಯ ರಜೆಯಲ್ಲೆಲ್ಲ ಅಲ್ಲಿ ಕೂತು ಅವರಿಗೆ ಆ ವಿದ್ಯೆ ಕರಗತವಾಗಿತ್ತು. "ಬಾಗೇವಾಡಿಯ ಶ್ರೀನಿವಾಸರಾವ್ ವಕೀಲರದು ಒಂದು ಗಾಡಿ ಮಾರಾಟಕ್ಕದ" ಎಂದವರು, ಕೂಡಲೆ ಕೈ ಝಾಡಿಸಿದರು. "ಬಿಡ್ರಿ, ಅದು ನಿಮಗ ಆಗೂದಲ್ಲ. ಹುಡ್ಡು ಮಡಚೂ ಗಾಡಿ. ಮ್ಯಾಲ ಬರೇ ಬಟ್ಟಿ. ಮಡಚಿದ್ರ ಮ್ಯಾಲ ಆಕಾಶ, ಸುತ್ತ ಮಂದಿ. ನಿಮ್ಮ ಮನ್ಯಾಗಿನವರು ಬುರ್ಕಾದವರು, ಅದರಾಗ ಹೆಂಗ ಕೂಡತಾರ?"

ನಾನು ಅವರ ಕಾಲು ಮುಟ್ಟುವುದೊಂದು ಬಾಕಿ. ಇಡೀ ಜಿಲ್ಲೆಯಲ್ಲಿ ನನ್ನ ಮನೆಯ ಹೆಂಗಸರು ಹತ್ತಲಾರದ ಮೋಟಾರು ಯಾವುದಾದರೂ ಇದ್ದರೆ ಅದು ಇದೇ. ನಾನು ಬೇಡವೆನ್ನುವುದೇ ಬೇಡ, ಅವರ ಬಾಯಿಂದಲೇ ಬೇಡವೆನ್ನಿಸಿಬಿಟ್ಟರೆ ಜನ್ಮದಲ್ಲಿ ಮತ್ತೆ ಮೋಟಾರಿನ ಸುದ್ದಿ ಏಳುವುದಿಲ್ಲ.

"ಮಾಸ್ತರ, ಅಂಥಾ ಗಾಡಿಯೊಳಗ ಏನೇನು ಐಬು ಇರತಾವ? ಬಿಡಿಸಿ ಹೇಳ್ರಿ" ಎಂದೆ.

"ಮೊದಲು ತಳ ನೋಡ್ರಿ. ಛತ್ತ ಇಲ್ಲದ ಗಾಡಿಗೆ ತಳಾನ ಬೆನ್ನೆಲುಬು. ಮಳಿನೀರು ಇಳದು ತುಕ್ಕು ಹಿಡದಿರತದ. ಹುಡ್ಡಿನೊಳಗ ಕೂತು ಬಿಸಲಿಗೆ ತೂತು ನೋಡ್ರಿ, ಮ್ಯಾಲ ನೀರು ಸುರುವಿ ನೋಡ್ರಿ. ಹಿಂದ ಮೂರು ಮಂದಿ ಕೂಡಿಸಿ ಬಾಗಲಾ ತಗದು ಹಾಕಿ ನೋಡ್ರಿ. ಗಾಡಿ ನಡು ಬಾಗಿತ್ತಂದ್ರ ಬಾಗಲಾ ಹಿಡಕೋತದ. ಅಂಥಾದ್ದು ಫುಕಟ ಕೊಟ್ಟರೂ ತಗೋಬ್ಯಾಡ್ರಿ."

ಮನೆಗೆ ಬಂದು ರಾಜಗಾಂಭೀರ್ಯದಿಂದ ಘೋಷಿಸಿದೆ: ಗಾಡಿ ನೋಡಲು ಮೂವರೂ ಹೋಗುವುದು, ಪರೀಕ್ಷೆ ನಾನು ಮಾಡುವುದು, ಸಂಚಕಾರದ ಮುಂಗಡ ಹಣ ಸಗೀರಾಳ ಸೊಂಟದ ಚೀಲದಲ್ಲಿರುವುದು, ಕಡೆಯ ಮಾತು ಮಾತ್ರ ನನ್ನದು. ಸಗೀರಾ ಎಲ್ಲಕ್ಕೂ ಹೂಂ ಎಂದಳು. ಅವಳು ಇಷ್ಟು ಸುಲಭವಾಗಿ ಹೂಂ ಎಂದದ್ದೇ ನನಗೆ ಭಯ ಹುಟ್ಟಿಸಬೇಕಿತ್ತು.

ಬಸವನ ಬಾಗೇವಾಡಿಯಲ್ಲಿ ಅಂದು ಸಂತೆ. ವಕೀಲರ ವಾಡೆ ಸಂತೆಯ ಬೀದಿಯಲ್ಲೇ ಇತ್ತು. ಪರದೆಯ ಹೆಣ್ಣುಮಕ್ಕಳು ಬಂದಿದ್ದಾರೆಂದು ರಾಯರು ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದರು. ಅವರ ಪತ್ನಿ ರುಕ್ಮಿಣೀಬಾಯಿಯವರಿಗೆ ಗಾಳಿ ಸೇರುವುದಿಲ್ಲವಂತೆ, ಕಿವಿನೋವು. ಅದಕ್ಕೇ ಗಾಡಿ ಮಾರುವುದು. "ಏನು ನೋಡ್ತೀರೋ ನೋಡ್ಕೋರಿ, ಕಾಸಿಂಸಾಬ್ರ. ಬಚ್ಚಿಡೂದು ಏನೂ ಇಲ್ಲ" ಎಂದು ಡ್ರೈವರ್ ಅಮಸಿದ್ದನನ್ನು ಜೊತೆಗೆ ಬಿಟ್ಟು ಒಳಗೆ ಹೋದರು.

ಗಾಡಿ ಅಂಗಳದಲ್ಲಿ ನಿಂತಿತ್ತು. ಮುಂಬೈ ಸರಕಾರದ ಕಾಲದಲ್ಲಿ ಯಾರೋ ಇಂಜಿನಿಯರ್ ಸಾಹೇಬರು ತಂದದ್ದಂತೆ. ಹಸಿರು ಮೈ, ಮಾಸಿದ ಹುಡ್ಡು, ಎದುರಿಗೆ ಎರಡು ದೊಡ್ಡ ದೀಪ. ನಾನು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅವು ನನ್ನನ್ನೇ ನೋಡುತ್ತಿದ್ದವು. ಇಂಜಿನ್ನು ಬಂದಾಗಿದೆಯೆಂದು ಅಮಸಿದ್ದನಿಂದ ಎರಡು ಸಲ ಹೇಳಿಸಿಕೊಂಡ ಮೇಲೆ ಹತ್ತಿರ ಹೋದೆ.

ಒಳಗಿನ ಚಾಪೆ ಎತ್ತಿದೆ. ಅಂಗೈಯಗಲದ ತೂತು! ಕೆಳಗೆ ನೆಲ, ನೆಲದ ಮೇಲೆ ಒಂದು ಇರುವೆ ನೆಮ್ಮದಿಯಾಗಿ ನಡೆದು ಹೋಗುತ್ತಿತ್ತು. ನನ್ನ ಎದೆ ಸಂತೋಷದಿಂದ ಉಬ್ಬಿತು. "ಅಮ್ಮಾ, ಬಂದು ನೋಡು! ತಳಾನ ಇಲ್ಲ ಇದಕ್ಕ!"

ಅಮ್ಮ ಬಗ್ಗಿ ನೋಡಿದಳು. ಬುರ್ಕಾ ಸರಿಸಿ, ಬಾಯಲ್ಲಿದ್ದ ಎಲೆಅಡಿಕೆಯ ರಸವನ್ನು ಗುರಿಯಿಟ್ಟು ಆ ತೂತಿನೊಳಗೆ ಉಗುಳಿದಳು. "ಛಲೋ ಮಾಡ್ಯಾರಪಾ. ಬಸ್ಸಿನ್ಯಾಗ ಉಗುಳಬೇಕಂದ್ರ ಕಿಡಕಿ ಮಟ ಹೋಗಬೇಕು."

ಇರಲಿ ಎಂದುಕೊಂಡು ಸಗೀರಾಳನ್ನು ಹುಡ್ಡಿನೊಳಗೆ ಕೂಡಿಸಿದೆ. ಮೇಲಿನ ಬಿಸಿಲು ಹಿಟ್ಟಿನ ಜರಡಿಯಿಂದ ಇಳಿದಂತೆ ಅವಳ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಇಳಿಯಿತು. "ಎಷ್ಟು ತೂತು ನೋಡು!" ಎಂದೆ.

"ನಾವು ಹೊರಗ ನೋಡಬಹುದು, ಹೊರಗಿನವರಿಗೆ ನಾವು ಕಾಣೂದಿಲ್ಲ. ಗಾಡೀಗೆ ಬುರ್ಕಾ ಹಾಕಿದಂಗಾತಲ್ರಿ" ಎಂದಳು ಅವಳು.

ನೀರಿನ ಪರೀಕ್ಷೆಗೆ ಯಾರೂ ಒಳಗೆ ಕೂಡಲು ಒಪ್ಪದ್ದರಿಂದ ನಾನೇ ಕೂತೆ. ಅಮಸಿದ್ದ ಮೇಲಿಂದ ಒಂದು ಕೊಡ ಸುರುವಿದ. ಹುಡ್ಡು ನೀರನ್ನು ಸ್ವಲ್ಪ ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡು ವಿಚಾರ ಮಾಡಿ, ಆಮೇಲೆ ಎಲ್ಲವನ್ನೂ ನನ್ನ ಮೇಲೆಯೇ ಬಿಟ್ಟಿತು. ತೊಯ್ದ ಕೋಳಿಯಂತೆ ಹೊರಬಂದು, "ಮಳ್ಯಾಗ ಏನು ಮಾಡ್ತೀರಿ? ಹೇಳ್ರಿ!" ಎಂದು ಗರ್ಜಿಸಿದೆ.

ಸಗೀರಾ ನಕ್ಕಳು. "ನಮ್ಮ ಸೀಮ್ಯಾಗ ಮಳಿ ಬಂದ್ರ ಮಂದಿ ಒಳಗ ಓಡತಾರೇನ್ರಿ? ಹೊರಗ ಓಡಿ ಬರ್ತಾರ!"

ಉಳಿದದ್ದು ಬ್ರಹ್ಮಾಸ್ತ್ರ, ಬಾಗಿಲಿನ ಪರೀಕ್ಷೆ. ಹಿಂದಿನ ಸೀಟಿನಲ್ಲಿ ಆ ತುದಿಗೆ ಅಮ್ಮ, ನಡುವೆ ಸಗೀರಾ, ಈ ತುದಿಗೆ ನಾನು. ಬಾಗಿಲು ಎಳೆದುಕೊಂಡೆ, ಹಾಕಿಕೊಂಡಿತು. ತೆರೆಯಲು ಹೋದೆ, ಬರಲಿಲ್ಲ! ಭುಜ ಕೊಟ್ಟು ನೂಕಿದರೂ ಮಿಸುಕಲಿಲ್ಲ. "ಹಿಡಕೊಂಡೈತಿ! ಗಾಡಿ ನಡು ಮುರದೈತಿ! ಇಂಥಾದ್ದು ಫುಕಟ ಕೊಟ್ಟರೂ ತಗೋಬಾರದು!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದೆ.

"ಅಂಜಬ್ಯಾಡ್ರಿ ಸಾಹುಕಾರ್ರ" ಎಂದ ಅಮಸಿದ್ದ, ಮುಂದೆ ಹತ್ತುತ್ತಾ. "ಓಡಾಕ ಹತ್ತಿದ ಮ್ಯಾಲ ಅದು ತಾನ ಬಿಚ್ಚಕೋತೈತಿ."

ಆ ಮಾತಿನ ಅರ್ಥ ನನ್ನ ತಲೆಗೆ ಇಳಿಯುವುದರೊಳಗೆ ಇಂಜಿನ್ನು ಗುಡುಗಿತು. ನಾನು ಹೊರಗೆ ನಿಂತು ನೋಡಬೇಕೆಂದಿದ್ದ ಸವಾರಿಯ ಪರೀಕ್ಷೆ ನಾನು ಒಳಗಿರುವಾಗಲೇ ಶುರುವಾಗಿತ್ತು. ಸಂತೆಯ ಮಂದಿ, ಮೆಣಸಿನಕಾಯಿ ರಾಶಿ, ಕುರಿಗಳು, ಎಲ್ಲ ನನ್ನ ಮೈಮೇಲೆಯೇ ಬಂದು ಹೇಗೋ ಪಕ್ಕಕ್ಕೆ ಸರಿದವು. ಕಣ್ಣು ಮುಚ್ಚಿದೆ. ಹಿಡಿಯಲು ಸರಳಿರಲಿಲ್ಲ, ಸಗೀರಾಳ ತೋಳು ಹಿಡಿದೆ.

ಊರು ದಾಟಿ ನಿಡಗುಂದಿಯ ದಾರಿಗೆ ಬಿದ್ದ ಮೇಲೆ ಸಗೀರಾ ಗಾಡಿ ನಿಲ್ಲಿಸಿದಳು. "ಅಮಸಿದ್ದಣ್ಣಾ, ಇಲ್ಲಿ ಯಾರೂ ಇಲ್ಲ. ಹುಡ್ಡು ಮಡಚಿ ತೋರಸು."

ನನ್ನ ಹೋದ ಜೀವ ಬಂತು. ಇನ್ನೇನು ಅಮ್ಮ ಕೂಗಿಕೊಳ್ಳುತ್ತಾಳೆ, ಗಾಡಿ ಬೇಡವೆನ್ನುತ್ತಾಳೆ! ಅಮಸಿದ್ದ ಹುಡ್ಡನ್ನು ಹಿಂದಕ್ಕೆ ಎಳೆದು ಮಡಚಿದ. ತಲೆಯ ಮೇಲೆ ಭಾರಿ ಆಕಾಶ, ಎರಡೂ ಕಡೆ ಜೋಳದ ಹೊಲ. ನಾನು ಇದೇ ಸಮಯವೆಂದು ಒಂದು ಕಾಲನ್ನು ಬಾಗಿಲಿನಾಚೆ ಹಾಕುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಕಾಲು ಒಳಗೆಳೆದುಕೊಂಡು ತಿರುಗಿ ನೋಡಿದರೆ, ಅಮ್ಮ ಬುರ್ಕಾವನ್ನೇ ತೆಗೆದು ಸೀಟಿನ ಮೇಲೆ ಇಟ್ಟಿದ್ದಳು. ಬಿಳಿಗೂದಲು ಗಾಳಿಗೆ ಹಾರುತ್ತಿತ್ತು. "ಏಯ್ ಕಾಸಿಂ, ಮದಿವ್ಯಾದ ಮ್ಯಾಲ ನನ್ನ ಮಾರಿಗೆ ಇಂಥಾ ಗಾಳಿ ಬಡದಿದ್ದಿಲ್ಲೋ!" ಎಂದು ಸಣ್ಣ ಹುಡುಗಿಯಂತೆ ನಕ್ಕಳು. ನನ್ನ ತಾಯಿ ಬಯಲಲ್ಲಿ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ಕರುಳು ಚುರ್ ಎಂದಿತು. ಆದರೆ ಮರುಕ್ಷಣವೇ ಗಾಡಿ ವೇಗ ಹೆಚ್ಚಿಸಿದ್ದರಿಂದ ಕರುಳು ಬೇರೆ ಕೆಲಸಕ್ಕೆ ಹತ್ತಿತು.

ಮೊದಲು ಹೋದದ್ದು ತಲೆಯ ರುಮಾಲು. ತೊಯ್ದು ಸಡಿಲಾಗಿದ್ದ ಜರಿಯಂಚಿನ ನನ್ನ ರುಮಾಲು ಸುತ್ತು ಸುತ್ತಾಗಿ ಬಿಚ್ಚಿಕೊಂಡು, ಉದ್ದಕ್ಕೆ ಹಾರಿ, ಜಾಲಿಗಿಡವೊಂದನ್ನು ಅಪ್ಪಿಕೊಂಡಿತು. "ನಿಲ್ಲಸೋ!" ಎಂದು ಕೂಗಿದ್ದು ಗಾಳಿಗೆ ಹಾರಿಹೋಯಿತು, ಕೈ ಬೀಸಿದೆ. ಅಮಸಿದ್ದ ಅದನ್ನು ತಿರುಗಿಸೆಂಬ ಸನ್ನೆಯೆಂದು ತಿಳಿದುಕೊಂಡು ಗಾಡಿಯನ್ನು ಊರ ಕಡೆ ತಿರುಗಿಸಿದ. ಆ ತಿರುವಿನಲ್ಲಿ ನನ್ನ ಬಾಗಿಲು ಕೊಟ್ಟ ಮಾತಿನಂತೆ ತಾನೇ ಬಿಚ್ಚಿಕೊಂಡಿತು. ನನ್ನ ಮೊಣಕಾಲಿನ ಪಕ್ಕದಲ್ಲೇ ರಸ್ತೆ ಸರಸರನೆ ಓಡುತ್ತಿತ್ತು. ತಲೆಯೆತ್ತಿದರೆ ಎದುರಿಗೆ ಚೀಲ ಹೇರಿದ ಲಾರಿ, ನೇರ ನನ್ನ ಕಡೆಗೇ!

ಕಾಣದಿದ್ದರೆ ಭಯವಿಲ್ಲ ಎಂಬುದು ನನ್ನ ಬಸ್ಸಿನ ಅನುಭವ. ಆದರೆ ಈ ಸಲ ರೆಪ್ಪೆಗಳು ಸಾಲಲಿಲ್ಲ. ಕೈಗೆ ಸಿಕ್ಕ ಬಟ್ಟೆಯನ್ನೆಳೆದು ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಂಡುಬಿಟ್ಟೆ. ಅದು ಅಮ್ಮನ ಬುರ್ಕಾ. ಒಳಗೆ ಅರೆಗತ್ತಲು, ಅತ್ತರು ಮತ್ತು ಎಲೆಅಡಿಕೆಯ ವಾಸನೆ. ಲಾರಿ ಬೊಬ್ಬೆ ಹೊಡೆಯುತ್ತ ದಾಟಿತು. ನಾನು ಹೊರಗೆ ಬರಲಿಲ್ಲ. ನಿಜ ಹೇಳುತ್ತೇನೆ, ಆ ದಿನ ಬೆಳಗಿನಿಂದ ಅಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಗಾಡಿ ನಿಂತಿತು. ಸುತ್ತ ಗದ್ದಲ. ಬುರ್ಕಾದ ಜಾಳಿಗೆಯಿಂದ ನೋಡಿದರೆ ವಕೀಲರ ವಾಡೆಯ ಮುಂದೆ, ಸಂತೆಯ ನಟ್ಟನಡುವೆ ಇದ್ದೇವೆ. ತೆರೆದ ಗಾಡಿ ನೋಡಲು ಮಂದಿ ಮುತ್ತಿದ್ದಾರೆ. ಅವರಲ್ಲಿ ನನ್ನ ಅಂಗಡಿಗೆ ಮಾಲು ಹಾಕುವವರೇ ಹತ್ತಾರು ಜನ.

"ತಗೀರಿ ಇನ್ನ" ಎಂದು ಸಗೀರಾ ಪಿಸುಗುಟ್ಟಿದಳು.

"ಹೆಂಗ ತಗೀಲೇ? ತಲಿ ಮ್ಯಾಲ ರುಮಾಲಿಲ್ಲ, ಮೈಮ್ಯಾಲ ಬುರ್ಕಾ ಐತಿ!"

"ಹಂಗಾರ ಸುಮ್ಕ ಕೂಡ್ರಿ" ಎಂದು ತನ್ನ ಮುಖದ ಬುರ್ಕಾ ಸರಿಮಾಡಿಕೊಂಡಳು. ಅಮ್ಮ ತಲೆತುಂಬ ಸೆರಗು ಹೊದ್ದಳು.

ವಕೀಲರು ಮೆಟ್ಟಿಲಿಳಿದು ಬಂದರು. ಹೆಣ್ಣುಮಕ್ಕಳಷ್ಟೇ ಕಂಡದ್ದರಿಂದ ಮುಖ ಪಕ್ಕಕ್ಕೆ ಮಾಡಿ ನಿಂತರು. "ಕಾಸಿಂಸಾಬರು ಎಲ್ಲಿ?"

"ದಾರ್ಯಾಗ ಅವರ ರುಮಾಲ ಹಾರಿ ಹೋತ್ರಿ" ಎಂದಳು ಸಗೀರಾ. (ಸುಳ್ಳೇನೂ ಅಲ್ಲ.) "ಗಾಡಿ ನಮಗ ಪಸಂದ ಬಂತ್ರಿ. ಸಂಚಕಾರ ತಗೊಳ್ರಿ."

"ಗಂಡಸರ ಮಾತಿಲ್ಲದ ಹೆಂಗ ತಗೊಳ್ಳಲಿ, ಅಕ್ಕಾರ? ಮತ್ತ ಈ ಮೂರನೇದವರು ಯಾರು?"

"ನನ್ನ ತಂಗಿ ಸುಲ್ತಾನಬಿ" ಎಂದಳು ಹಡೆದ ತಾಯಿ, ಎಳ್ಳಷ್ಟೂ ಅಳುಕದೆ. "ನಿಡಗುಂದ್ಯಾಗಿರತಾಳ. ನಮ್ಮ ಕಾಸಿಂ ಆಕೀ ಮಾತು ಎಂದೂ ಮೀರೂದಿಲ್ಲ."

"ಹಂಗಾರ ಅವರು ಹೂಂ ಅಂದರ ಸಾಕು. ಏನ್ರಿ ತಾಯೀ, ಒಪ್ಪಿಗಿ ಅದಲ್ಲ?"

ಅಮಸಿದ್ದ ಆಕಾಶ ನೋಡುತ್ತಿದ್ದ. ಸಂತೆಯೆಲ್ಲ ನನ್ನನ್ನೇ ನೋಡುತ್ತಿತ್ತು. "ಬ್ಯಾಡ" ಎಂಬ ಎರಡಕ್ಷರ ಸಾಕಿತ್ತು, ಮೋಟಾರಿನ ಪೀಡೆ ಜನ್ಮಕ್ಕೇ ತೊಲಗುತ್ತಿತ್ತು. ಆದರೆ ತಲೆ ಅಡ್ಡ ಆಡಿಸಿದರೆ ವಕೀಲರು ಯಾಕೆಂದು ಕೇಳದೆ ಬಿಡುವವರಲ್ಲ, ಆ ಎರಡಕ್ಷರವೋ ಮೀಸೆಯಿದ್ದ ಬಾಯಿಂದ ಗಂಡುದನಿಯಲ್ಲೇ ಬರಬೇಕಿತ್ತು. ಆಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಯಾವ ಪೇಟೆಯಲ್ಲಿ ತಲೆಯೆತ್ತಿ ಶೇಂಗಾ ತೂಗಲಿ? ಲೋಕದಲ್ಲಿ ಮೋಟಾರಿಗಿಂತ ಭಯಂಕರವಾದದ್ದು ಇದೆಯೆಂದು ನನಗೆ ಗೊತ್ತಾದದ್ದು ಆಗಲೇ. ಬುರ್ಕಾದೊಳಗೇ ಕಣ್ಣು ಮುಚ್ಚಿದೆ. ಮೆಲ್ಲಗೆ ತಲೆಯಾಡಿಸಿ ಹೂಂ ಎಂದು ಸೂಚಿಸಿದೆ.

ಸಗೀರಾ ಚೀಲ ಬಿಚ್ಚಿದಳು. ಸಂಚಕಾರ ಮುಗಿಯಿತು. ರುಕ್ಮಿಣೀಬಾಯಿಯವರು ತಟ್ಟೆಯಲ್ಲಿ ಸಕ್ಕರೆ ತಂದು ಅಮ್ಮನ ಕೈಗೆ, ಸಗೀರಾಳ ಕೈಗೆ ಹಾಕಿ, ನನ್ನ ಮುಂದೆ ನಿಂತರು. ಬೇಡವೆಂದರೆ ಅಪಶಕುನ, ಕೈ ಚಾಚಿದೆ. ಮುಂಗೈ ತುಂಬ ಕರಿಗೂದಲು, ಕಿರುಬೆರಳಲ್ಲಿ ಬೆಳ್ಳಿಯ ಉಂಗುರ, ಉಗುರಲ್ಲಿ ಶೇಂಗಾದ ಮಣ್ಣು. ಆ ತಾಯಿ ಅದನ್ನು ನೋಡಿದರು, ಸಕ್ಕರೆ ಹಾಕಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋಗಿ ಗಂಡನ ಕಿವಿಯಲ್ಲಿ ಏನೋ ಹೇಳಿದರು.

ವಕೀಲರು ಕೆಮ್ಮಿದರು. ಮುಖವನ್ನು ಮಾತ್ರ ಗೋಡೆಯ ಕಡೆಯಿಂದ ತಿರುಗಿಸಲಿಲ್ಲ.

"ಸುಲ್ತಾನಬಿಯಾರ, ಕಾಸಿಂಸಾಬರು ಸಿಕ್ಕರ ಒಂದು ಮಾತು ಹೇಳ್ರಿ. ವಕೀಲನ ಎದುರಿಗೆ, ನಾಲ್ಕು ಮಂದಿ ಸಾಕ್ಷಿ ಇಟ್ಟುಕೊಂಡು ಕೊಟ್ಟ ಒಪ್ಪಿಗಿ ತಿರುಗಿ ತಗೊಳ್ಳಲಿಕ್ಕೆ ಬರೂದಿಲ್ಲ."

ನಾನು ಮತ್ತೊಮ್ಮೆ ತಲೆಯಾಡಿಸಿ ಸಕ್ಕರೆ ಬಾಯಿಗೆ ಹಾಕಿಕೊಂಡೆ.