ಸುಳ್ಳ ಹೇಳೋ ಮೀಟರ್

ನನ್ನ ಲಗ್ನಕ್ಕ ವರ ಆರಿಸಾಕ ನಮ್ಮ ಮನ್ಯಾಗ ಹಿಡಿದದ್ದು ಒಂದು ತಾಟು ಉಪ್ಪಿಟ್ಟು ತಿಂದು ಎರಡು ಸಲ ಚಾ ಕುಡಿಯೋ ಅಷ್ಟು ಹೊತ್ತು. ಹುಡುಗ ಬೀಡಿ ಸಿಗರೇಟ್ ಸೇದೂದಿಲ್ಲ, ಆಫೀಸಿನ ಕೆಲಸ ಐತಿ, ತಲಿ ಮ್ಯಾಲ ಕೂದಲಾ ಅದಾವು, ಮುಗೀತು. ಅದೇ ಒಂದು ಮಲ್ಟಿಮೀಟರ್ ಆರಿಸಾಕ ನನಗ ಮೂರು ವರ್ಷ ಹಿಡೀತು, ಆದ್ರೂ ಸಮಾಧಾನ ಆಗಿರಲಿಲ್ಲ. ಗಂಡ ಚಲೋ ಸಿಕ್ಕ, ಮೀಟರ್ ಮಾತ್ರ ಮೂರಕ್ಕ ಮೂರೂ ಕೆಟ್ಟವು ಸಿಕ್ಕವು ಅಂತ ಊರ ತುಂಬ ಹೇಳಕೋತ ಅಡ್ಡಾಡಿದಾಕಿ ನಾನು. ಈಗ ಆ ಮಾತು ವಾಪಸ್ ತಗೋಬೇಕಾಗೇತಿ. ಅದರಾಗ ಯಾವ ಅರ್ಧ ವಾಪಸ್ ತಗೋಬೇಕು ಅನ್ನೂದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ನನ್ನ ಗೊತ್ತಿಲ್ಲದವ್ರಿಗೆ ಹೇಳಿಬಿಡ್ತೇನಿ. ನಾ ಸುಮಾ, ನವಲಗುಂದ ತಾಲೂಕಿನ ಮೊರಬದಾಕಿ. ಮನಿ ಪಡಸಾಲ್ಯಾಗ ಒಂದು ಟೇಬಲ್ ಹಾಕ್ಕೊಂಡು ಮಿಕ್ಸರ್, ಫ್ಯಾನ್, ಚಾರ್ಜಿಂಗ್ ಲೈಟ್, ಬೆನ್ನಿಗೆ ಹಾಕ್ಕೊಂಡು ಹೊಲಕ್ಕ ಔಷಧ ಹೊಡಿಯೋ ಬ್ಯಾಟರಿ ಪಂಪ, ಎಲ್ಲಾ ರಿಪೇರಿ ಮಾಡತೇನಿ. ನಮ್ಮಪ್ಪ ರೇಡಿಯೋ ರಿಪೇರಿ ಮಾಡತಿದ್ದ, ಬಾಜೂಕ ಕುಂತು ಕಲ್ತೆ. ಎಂಟು ವರ್ಷದ ಹಿಂದ ನಾ ಟೇಬಲ್ ಹಾಕಿದಾಗ ಒಬ್ಬರೂ ಬರಲಿಲ್ಲ. ಹೆಣ್ಮಗಳ ಕೈಯಾಗ ಕರೆಂಟಿನ ಸಾಮಾನು ಕೊಡೂದಂದ್ರ ಅದೇನೋ ಹಸುಗೂಸು ಕೊಟ್ಟಂಗ ಅನುಮಾನ ಮಾಡತಿದ್ರು. ಮೊದಲಿಗೆ ಬಂದಾಕಿ ಓಣಿ ತುದಿ ಮನಿಯ ನೀಲವ್ವ, ಅದೂ ಆಕಿ ಮಿಕ್ಸರ್ ನವಲಗುಂದಕ್ಕ ಒಯ್ಯಾಕ ಬಸ್ಸು ತಪ್ಪಿದ್ದಕ್ಕ. ಅಲ್ಲಿಂದ ಒಂದೊಂದ ಸಾಮಾನು, ಒಂದೊಂದ ಮನಿ ಗೆದ್ದು ಇಲ್ಲಿಗೆ ಬಂದೇನಿ. ನಮ್ಮ ಮನಿಯವ್ರು ನವಲಗುಂದದಾಗ ಕಾರಕೂನ. ಭಾಳ ದೈವಭಕ್ತ ಮನಿಷ್ಯಾ. ಅವರ ಸ್ನಾನ ಹತ್ತು ನಿಮಿಷ, ಪೂಜಿ ಒಂದು ತಾಸು, ಬಸ್ಸು ಹಿಡಿಯೂದು ಓಡಕೋತ.

ಮಲ್ಟಿಮೀಟರ್ ಅಂದ್ರ ಅಂಗೈಕಿಂತ ಒಂಚೂರು ದೊಡ್ಡ ಡಬ್ಬಿ. ನಡುವ ತಿರುವೋ ಗುಂಡಿ, ಮ್ಯಾಲ ಅಂಕಿ ತೋರಿಸೋ ಗಾಜು, ಕೆಂಪು ಕರಿ ಎರಡು ವಾಯರು. ಡಾಕ್ಟರಿಗೆ ಕಿವಿಗೆ ಹಾಕ್ಕೊಳ್ಳೋ ನಳಿಗಿ ಹೆಂಗೋ ನಮಗ ಇದು ಹಂಗ. ಬ್ಯಾಟರಿಯೊಳಗ ಜೀವಾ ಎಷ್ಟೈತಿ, ವಾಯರ್ ಎಲ್ಲಿ ಕಡದೇತಿ, ಇದು ಹೇಳಿದ ಮ್ಯಾಲೇ ನಾವು ಬಾಯಿ ತಗೀಬೇಕು. ಐದು ವರ್ಷ ನಾ ನಮ್ಮಪ್ಪನ ಮುಳ್ಳಿನ ಮೀಟರ್ ಮ್ಯಾಲೇ ಬದುಕಿದೆ. ಒಂದಿನ ಬೆಕ್ಕು ಇಲಿ ಹಿಂದ ಓಡಿ ಅದನ್ನ ಟೇಬಲ್ ಮ್ಯಾಲಿಂದ ಕೆಡವಿತು. ಇಲಿ ಉಳೀತು, ಮೀಟರ್ ಉಳೀಲಿಲ್ಲ.

ಆವಾಗ ಶುರು ಆತ್ರೀ ನನ್ನ ಆರಿಸೋ ಕೆಲಸ. ಮೊದಲನೇದು ಹುಬ್ಬಳ್ಳಿ ರಸ್ತೆ ಬಾಜೂಕ ತಾಡಪತ್ರಿ ಹಾಸಿ ಮಾರೋನ ಕಡೆ ತಂದ ಹಳದಿ ಡಬ್ಬಿ, ಅಗದಿ ಸಸ್ತಾ. "ಗ್ಯಾರಂಟಿ ಐತೇನಪಾ?" ಅಂದ್ರ ಅಂವ "ಅಕ್ಕಾ, ನಾ ನಾಳೆ ಇಲ್ಲೇ ಇರತೇನೋ ಇಲ್ಲೋ ಅದಕ್ಕ ಗ್ಯಾರಂಟಿ ಇಲ್ಲ" ಅಂದ. ಖರೆ ಹೇಳಿದ ಅಂತ ಖುಷಿಯಿಂದ ತಗೊಂಡೆ. ಅದು ದಸರಿ ಮುಗಿದು ತಿಂಗಳಿಗೆ ಹುಚ್ಚುಹುಚ್ಚು ಅಂಕಿ ತೋರಿಸಾಕತ್ತಿತು. ಎರಡನೇದು ಮೊಬೈಲ್‌ನ್ಯಾಗ ನೋಡಿ ತರಿಸಿದ್ದು. ಅದಕ್ಕ ಹದಿನೈದು ದಿನ ವಿಡಿಯೋ ನೋಡೇನಿ. ಒಬ್ಬಂವ ಬಿಚ್ಚಿ ತೋರಸ್ತಾನ, ಒಬ್ಬಂವ ನೀರಾಗ ಅದ್ದತಾನ, ಒಬ್ಬಂವ ಅರ್ಧ ತಾಸು ಒದರಿ ಕಡೀಕ "ನಿಮಗ ಯಾವುದು ಬೇಕೋ ಅದನ್ನ ತಗೋರಿ" ಅಂತಾನ. ಅದೂ ದಸರಿ ದಾಟಿತು, ಕೆಟ್ಟಿತು. ಆವಾಗ ನಮ್ಮೂರ ಹೈಸ್ಕೂಲಿನ ವಿಜ್ಞಾನ ಮಾಸ್ತರು ಬಂದು ಬುದ್ಧಿ ಹೇಳಿದ್ರು.

"ಅಕ್ಕಾರ, ಸಸ್ತಾದ್ದು ತಗೊಂಡ್ರ ಅದು ಖರೇನೂ ಸಸ್ತಾನ ಹೇಳತೇತಿ. ಒಂದು ಚಲೋ ಕಂಪನಿದು ತಗೊಂಡು ಬಿಡ್ರಿ, ಜನ್ಮಕ್ಕ ಆತು."

ಯುಗಾದಿಗೆ ಸೀರಿ ಬ್ಯಾಡ ಅಂದು ಮೂರನೇದು ತಗೊಂಡೆ. ಕೈಯಾಗ ಹಿಡಿದ್ರ ತೂಕ, ಗುಂಡಿ ತಿರುವಿದ್ರ ಗಟ್ಟಿ, ಮೈಗೆ ರಬ್ಬರಿನ ಅಂಗಿ. ಮಾಸ್ತರಿಗೂ ತೋರಿಸಿದೆ, ಅವರು ತಮ್ಮ ಮಗನ ಲಗ್ನಕ್ಕ ಹೆಣ್ಣು ನೋಡಿದಂಗ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು.

ಇನ್ನ ನಿಂಗಪ್ಪ ಕಾಕಾನ ವಿಷಯಕ್ಕ ಬರತೇನಿ. ಕಾಕಾ ಅಂದ್ರ ನಮ್ಮ ಓಣಿ ಹಿರೇಮನಿಷ್ಯಾ, ಬಾಯಿ ಅಂದ್ರ ಬಾಯಿ. ಬಸ್‌ಸ್ಟ್ಯಾಂಡ್ ಕಟ್ಟಿ ಮ್ಯಾಲ ಕುಂತು ಅಂವ ಮುಂಜಾನೆ ಒಂದು ಮಾತು ಅಂದ್ರ ಮಧ್ಯಾಹ್ನಕ್ಕ ಅದು ಆಜೂಬಾಜೂ ಹಳ್ಳಿಗೆ ಮುಟ್ಟಿರತೇತಿ. ಹೋದ ವರ್ಷ ದಸರಿ ಮುಗಿದು ಕಡ್ಲಿ ಹೂವಿಗೆ ಬಂದಿತ್ತು, ಕೀಡಿ ಬಿದ್ದಿತ್ತು, ಎಲ್ಲಾರೂ ಔಷಧ ಹೊಡಿಯೋ ಗಡಿಬಿಡಿಯಾಗಿದ್ರು. ಕಾಕಾ ಪಂಪ ತಂದು ಟೇಬಲ್ ಮ್ಯಾಲ ಇಟ್ಟ.

"ಎರಡು ಡಬ್ಬಿ ಹೊಡಿಯೂದ್ರಾಗ ಉಸಿರು ಬಿಡತೇತಿ ನೋಡಬೇ ಸುಮಾ. ನನಗಿಂತ ಮುಂಚೆ ಇದಕ್ಕ ದಣಿವು."

ಮೀಟರ್ ಹಚ್ಚಿದೆ. ಹನ್ನೆರಡು ಪಾಯಿಂಟ್ ಆರು. ಅಂದ್ರ ಬ್ಯಾಟರಿ ಗಟ್ಟಿಮುಟ್ಟು. "ಬ್ಯಾಟರಿ ಚಲೋ ಐತಿ ಕಾಕಾ, ಸ್ವಿಚ್ ಹೋಗೇತಿ" ಅಂತ ಸ್ವಿಚ್ ಹಾಕಿ ಕೊಟ್ಟೆ. ಮೂರು ದಿನಕ್ಕ ವಾಪಸ್ ಬಂದ. ಮತ್ತ ಹನ್ನೆರಡು ಪಾಯಿಂಟ್ ಆರು. ಚಾರ್ಜ್ ಮಾಡೋ ಪಿನ್ನು ಬದಲಿ ಮಾಡಿದೆ. ಮತ್ತ ಬಂದ. ಈ ಸಲ ಮಾರಿ ಮ್ಯಾಲ ನಗಿ ಇರಲಿಲ್ಲ.

"ಬ್ಯಾಟರಿ ಗಟ್ಟಿ ಐತಿ ಅಂತದ ಕಾಕಾ ಮೀಟರ್" ಅಂದೆ.

"ಹಂಗಾರ ನಿನ್ನ ಮೀಟರಿಗೇ ನಾಳೆ ಹೊಲಕ್ಕ ಬರಾಕ ಹೇಳು. ಅದ ಹೊಡಿಲಿ ಔಷಧ. ನಾ ಬದುವಿನ ಮ್ಯಾಲ ಕುಂದರತೇನಿ." ಅಂದು ಪಂಪ ಅಲ್ಲೇ ಬಿಟ್ಟು ಎದ್ದ. "ಎರಡ ದಿನ ನೋಡತೇನಿ. ಆಗಲಿಲ್ಲಂದ್ರ ನವಲಗುಂದಕ್ಕ ಒಯ್ಯತೇನಿ."

ನವಲಗುಂದಕ್ಕ ಅಂದ್ರ ಅಲ್ಲಿನ ರಿಪೇರಿ ಅಂಗಡಿಗೆ. ಅವತ್ತ ಸಂಜಿಗೇ ನೀಲವ್ವ ಬಂದು ಸುದ್ದಿ ಹೇಳಿದ್ಲು. ಕಾಕಾ ಕಟ್ಟಿ ಮ್ಯಾಲ ಕುಂತು, ಆಕಿ ಕೈಗೆ ಕೊಟ್ರ ಚಲೋ ಪಂಪನೂ ಕೆಡತೇತಿ ಅಂದನಂತ. ಮರುದಿನ ಬರಬೇಕಾಗಿದ್ದ ಎರಡು ಪಂಪ ಬರಲಿಲ್ಲ. ಬಾಗಲದಾಗ ನಿಂತು ನೋಡತೇನಿ, ಒಬ್ಬಂವ ಹೆಗಲ ಮ್ಯಾಲ ಪಂಪ ಹಾಕ್ಕೊಂಡು ನಮ್ಮ ಮನಿ ಮುಂದ ಮಾರಿ ಆ ಕಡೆ ಮಾಡಿ ಬಸ್ಸಿಗೆ ಹೊಂಟಾನ. ಎಂಟು ವರ್ಷದ ಗಳಿಕಿ ಬಸ್ ಹತ್ತಿ ಹೋದಂಗಾತು. ಕಡ್ಲಿ ಕೀಡಿ ಎರಡ ದಿನ ಬಿಟ್ರ ಕಾಯಿಗೆ ಇಳೀತದ, ಜನಕ್ಕೂ ಕಾಯಾಕ ಬರೂದಿಲ್ಲ. ಅವರದೇನು ತಪ್ಪು.

ನನ್ನ ಸಿಟ್ಟೆಲ್ಲಾ ಪಂಪಿನ ಮ್ಯಾಲೇ ಇತ್ತು. ಮೋಟರ್ ಬಿಚ್ಚಿದೆ, ಪೈಪ್ ತೊಳದೆ, ಏನೂ ಸಿಗಲಿಲ್ಲ. ಅಷ್ಟರಾಗ ಒಳಗ ಗಡಿಯಾರ ನಿಂತಿತ್ತು, ಅಂಗಡಿಯಿಂದ ಹೊಸಾ ಸೆಲ್ ತಂದೆ. ಹಾಕೂಕಿಂತ ಮೊದಲು ಚಟಕ್ಕ ಬಿದ್ದು ಮೀಟರ್ ಹಚ್ಚಿದೆ. ಹೊಸಾ ಸೆಲ್ ಅಂದ್ರ ಒಂದು ಪಾಯಿಂಟ್ ಆರು ತೋರಿಸಬೇಕು, ಅದರ ಮ್ಯಾಲ ಹೋಗೂ ಹಂಗಿಲ್ಲ. ಇದು ಒಂದು ಪಾಯಿಂಟ್ ಎಂಟೂ ದಾಟಿತ್ತು. ಇನ್ನೊಂದು ಸೆಲ್ ಹಚ್ಚಿದೆ, ಅದೂ ಅಷ್ಟ. ಅಂಗಡಿ ಸೆಲ್ಲಿನ ಡಬ್ಬಿಗೆ ಡಬ್ಬೀನೇ ಪೈಲವಾನ್ ಆಗಾಕ ಸಾಧ್ಯ ಇಲ್ಲ. ಆವಾಗ ಹೊಳೀತು, ಸುಳ್ಳ ಹೇಳಾಕತ್ತಿದ್ದು ನನ್ನ ಮೀಟರ್. ಇದ್ದದ್ದಕ್ಕಿಂತ ಜಾಸ್ತಿ ಹೇಳತಿತ್ತು. ಕಾಕಾನ ಸತ್ತ ಬ್ಯಾಟರಿಗೆ ಮೂರು ಸಲ ಆರೋಗ್ಯ ಪ್ರಮಾಣಪತ್ರ ಕೊಟ್ಟಿತ್ತು.

ಊರ ಮಂದಿ ಸಾಮಾನೆಲ್ಲಾ ಬಿಚ್ಚಿದಾಕಿ ನಾನು, ನನ್ನ ಮೀಟರ್ ಒಂದನ್ನೂ ಯಾವತ್ತೂ ಬಿಚ್ಚಿರಲಿಲ್ಲ. ಕೆಟ್ಟಿತು ಅಂದ್ರ ಕಂಪನಿಗೆ ಬೈದು ಗ್ವಾಡಿ ಮಾಡಿನ್ಯಾಗ ಇಡತಿದ್ದೆ. ಅವತ್ತ ಹಿಂದಿನ ಸ್ಕ್ರೂ ತಗದು ಬಿಚ್ಚಿದೆ. ಗುಂಡಿ ಕೆಳಗ ಬಂಗಾರದ ಬಣ್ಣದ ಪಟ್ಟಿ ಇರತಾವು, ಅವು ಕಾಣಲೇ ಇಲ್ಲ. ವಿಭೂತಿ, ಹಸಿ ಆಗಿ ಒಣಗಿ ಗಟ್ಟಿಯಾಗಿ ಗ್ವಾಡಿಗೆ ಗಿಲಾವು ಮಾಡಿದಂಗ ಕುಂತಿತ್ತು. ಅದರ ಬಾಜೂಕ ಕುಂಕುಮ. ವಾಯರ್ ಚುಚ್ಚೋ ತೂತಿನ್ಯಾಗ ಎರಡು ಅಕ್ಷತಿ ಕಾಳು. ಥಂಡಿ ಗಾಳಿಗೆ ಮತ್ತ ಹಸಿ ಹಿಡಿದ ಆ ಬೂದಿ ಮ್ಯಾಲ ಕರೆಂಟು ಕಳ್ಳದಾರಿ ಹಿಡಿದು ಅಂಕಿ ಏರಿಸಾಕತ್ತಿತ್ತು. ಮಾಡಿನಿಂದ ಹಳೇ ಎರಡೂ ತಗದು ಬಿಚ್ಚಿದೆ. ಅವುಗಳ ಹೊಟ್ಟ್ಯಾಗೂ ದೇವರಮನಿ.

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜಿ ಮಾಡತಾರ. ದುಡಿಯೋ ಸಾಮಾನಿಗೆಲ್ಲಾ ಪೂಜಿ. ಕುಡುಗೋಲು, ಸೈಕಲ್ಲು, ಮನಿಯವ್ರ ಆಫೀಸಿನ ಪೆನ್ನು, ನನ್ನ ಸ್ಕ್ರೂಡ್ರೈವರ್, ಎಲ್ಲಾ ಸಾಲಾಗಿ. ನಮ್ಮಪ್ಪನ ಮೀಟರ್ ಕಟ್ಟಿಗಿ ಪೆಟ್ಟಿಗ್ಯಾಗ ಇರತಿತ್ತು, ಪೂಜಿ ಪೆಟ್ಟಿಗಿಗೆ ಆಗತಿತ್ತು, ಅದಕ್ಕ ಬೆಕ್ಕು ಕೆಡವೋ ತನಕಾ ಅದು ಬಾಳಿತು. ಇವಕ್ಕ ಬರಿಮೈಗೆ. ಮನಿಯವ್ರು ಆಫೀಸಿಂದ ಬಂದ ಕೂಡಲೇ ಮೂರೂ ಬಿಚ್ಚಿದ ಮೀಟರ್ ಮುಂದಿಟ್ಟೆ.

"ನೋಡ್ರಿ, ನಿಮ್ಮ ಭಕ್ತಿ ಎಲ್ಲಿಗೆ ಮುಟ್ಟೇತಿ ಅಂತ."

ಅವರು ಕನ್ನಡಕ ಹಾಕ್ಕೊಂಡು ಶಾಂತವಾಗಿ ನೋಡಿದ್ರು. "ಹೌದು, ನಂದ ವಿಭೂತಿ. ಮೊದಲನೇ ವರ್ಷ ಒಂದ ಎಳಿ ಎಳದಿದ್ದೆ. ಮೀಟರ್ ಬಾಳಿಕಿ ಬರಲಿಲ್ಲ, ಪೂಜಿ ಕಮ್ಮಿ ಬಿದ್ದೇತಿ, ಸರಿ ಹಚ್ಚರಿ ಅಂದಾಕಿ ಯಾರು?"

ನಾ ಬಿಚ್ಚಿದ ಸ್ಕ್ರೂ ಎಣಸಾಕ ಹತ್ತಿದೆ.

"ಎರಡನೇ ವರ್ಷ ಮೂರು ಎಳಿ ಎಳದೆ. ಹೋದ ದಸರಿಗೆ, ಈ ಸಲ ದುಬಾರಿದು ಐತಿ, ನೀರಾಗ ಕಲಿಸಿ ದಪ್ಪಗ ಹಚ್ಚರಿ, ಉದುರಬಾರದು ಅಂದಾಕಿ ಯಾರು? ಹಸಿ ಇದ್ದಾಗಲೇ, ದೇವರ ಆಶೀರ್ವಾದ ಒಳಗ ಇಳೀಲಿ ಅಂತ ಗುಂಡಿ ಗರಗರ ತಿರುವಿದಾಕಿ ಯಾರು?"

ಮೀಟರ್ ಕೆಟ್ಟಷ್ಟೂ ಪೂಜಿ ಹೆಚ್ಚು ಮಾಡಿಸೇನಿ, ಪೂಜಿ ಹೆಚ್ಚಾದಷ್ಟೂ ಮೀಟರ್ ಲಗೂ ಕೆಟ್ಟಾವು. ಚಾ ಮಾಡತೇನಿ ಅಂತ ಎದ್ದು ಒಳಗ ಹೋದೆ. ಇಂಥಾ ಹೊತ್ತಿಗೆ ಚಾ ಭಾಳ ಉಪಯೋಗಕ್ಕ ಬರತೇತಿ.

ಮರುದಿನ ಮುಂಜಾನೆ ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತಂದು, ಹಳೇ ಹಲ್ಲುಜ್ಜೋ ಬ್ರಶ್ ಹಚ್ಚಿ ದುಬಾರಿ ಮೀಟರ್ ತೊಳದು, ಒಂದು ಹೊತ್ತು ಬಿಸಲಿಗಿಟ್ಟೆ. ಹೊಸಾ ಸೆಲ್ ಹಚ್ಚಿದೆ, ಒಂದು ಪಾಯಿಂಟ್ ಆರು. ಮಾಡಿನ್ಯಾಗಿನ ಹಳದಿ ಡಬ್ಬೀನೂ ತೊಳದೆ, ಅದೂ ಒಂದು ಪಾಯಿಂಟ್ ಆರು. ಎರಡು ವರ್ಷ ಬೈಸ್ಕೊಂಡ ಸಸ್ತಾ ಮೀಟರ್ ದುಬಾರಿದ್ರ ಬಾಜೂಕ ಕುಂತು ಅದ ಅಂಕಿ ತೋರಿಸಿತು. ಅದಕ್ಕ ಯಾರರೆ ಯಾವ ಮೀಟರ್ ತಗೊಳ್ಳೂಣು ಅಂತ ಕೇಳಿದ್ರ ಈಗ ನಾ ಇಷ್ಟ ಹೇಳತೇನಿ. ಮನಿ ಕೆಲಸ, ಬ್ಯಾಟರಿ ಕೆಲಸಕ್ಕ ಭಾರೀ ಬೆಲೀದು ಬ್ಯಾಡ. ಅಂಕಿ ದೊಡ್ಡವು ಇರಲಿ, ನಮ್ಮ ವಯಸ್ಸಿಗೆ ಅದು ಮುಖ್ಯ. ವಾಯರ್ ದಪ್ಪ ಇರಲಿ. ಒಳಗ ಫ್ಯೂಸ್ ಇರಲೇಬೇಕು. ವಾಯರ್ ಕೂಡಿದ್ರ ಕುಂಯ್ ಅನ್ನಬೇಕು, ಇಲ್ಲಂದ್ರ ಪ್ರತೀ ಸಲ ತಲಿ ಎತ್ತಿ ನೋಡಿ ನೋಡಿ ಕುತ್ತಿಗಿ ಹೋಗತೇತಿ. ಅದಕ್ಕ ಹಾಕೋ ಸೆಲ್ ನಿಮ್ಮೂರ ಅಂಗಡ್ಯಾಗ ಸಿಗಬೇಕು. ಇನ್ನ ಮೂರು ಫೇಸಿನ ಬೋರ್‌ವೆಲ್ ಮೋಟರಿಗೆ ಕೈ ಹಾಕೋರಾದ್ರ ಮಾತ್ರ ಸಸ್ತಾದ್ದು ಮುಟ್ಟಬ್ಯಾಡ್ರಿ, ಅಲ್ಲಿ ಜೀವದ ಪ್ರಶ್ನೆ.

ಎಲ್ಲಾ ಆತು, ಕಾಕಾನ ಬ್ಯಾಟರಿಗೆ ಹಚ್ಚಿದೆ. ಹತ್ತು ಪಾಯಿಂಟ್ ಒಂಬತ್ತು. ಪೂರಾ ಸತ್ತಿತ್ತು. ಸುಮ್ಮನ ಬ್ಯಾಟರಿ ಬದಲಿ ಮಾಡಿ, ಈಗ ಹೋತು ಕಾಕಾ ಅಂತ ಅಂದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಹಂಗ ಮಾಡೂಣು ಅಂತ ಒಂದು ನಿಮಿಷ ಮನಸ್ಸಿಗೆ ಬಂದಿದ್ದು ಖರೆ. ಆದ್ರ ಮೀಟರಿಗೆ ಸುಳ್ಳ ಹೇಳತೀ ಅಂತ ಬೈದು ಒಂದ ದಿನಾನೂ ಆಗಿರಲಿಲ್ಲ. ಪಂಪ ಹೊತ್ಕೊಂಡು ನಾನ ಬಸ್‌ಸ್ಟ್ಯಾಂಡ್ ಕಟ್ಟಿಗೆ ಹೋದೆ. ನಾಲ್ಕು ಮಂದಿ ಮುಂದ ಎಲ್ಲಾ ಹೇಳಿದೆ, ವಿಭೂತಿ, ಕುಂಕುಮ, ಅಕ್ಷತಿ, ಗುಂಡಿ ತಿರುವಿದ್ದು ಸಹಿತ.

ಕಾಕಾ ನನ್ನ ಕೈಯಾಗಿನ ಪಂಪ ಇಸ್ಕೊಂಡ. "ದೇವರು ಒಳಗ ಹೊಕ್ಕಾನ ಅಂದ್ರ ಖರೇ ಹೇಳಬೇಕಾಗಿತ್ತಲ್ಲಬೇ?"

"ಬೂದಿ ಹೊಕ್ಕಿತ್ತು ಕಾಕಾ, ದೇವರು ಹೊರಗಿದ್ದ."

ಕಟ್ಟಿ ಮ್ಯಾಲಿನವ್ರು ಹೊಟ್ಟಿ ಹಿಡ್ಕೊಂಡು ನಕ್ರು. ಸುಮ್ಮನ ಹಾಕಿದ ಸ್ವಿಚ್ ಬಿಚ್ಚಿ ಒಯ್ಯಲೇನು ಅಂದೆ. "ಇರಲಿ ಬಿಡು, ಹಳೇದು ಕೈಗೆ ಚುಚ್ಚತಿತ್ತು" ಅಂದ. ಅವತ್ತ ಹೊಸಾ ಬ್ಯಾಟರಿ ಹಾಕ್ಕೊಂಡು ಹೋಗಿ ಸಂಜಿ ತನಕಾ ಹೊಡದ. ಕಡ್ಲಿ ಉಳೀತು. ಮರುದಿನ ಕಟ್ಟಿ ಮ್ಯಾಲ ಹೊಸಾ ಸುದ್ದಿ ಬಂತು, ತನ್ನ ತಪ್ಪು ತಾನ ಹೊತ್ಕೊಂಡು ಬಂದು ಹೇಳಾಕಿ, ಆಕಿ ಕಡೆನ ಕೊಡ್ರಿ ಅಂತ. ಪಂಪಗೋಳು ಸಾಲು ಹಚ್ಚಿದವು. ಆದ್ರ ಸುದ್ದಿ ಜೋಡಿ ಕಾಕಾ ಒಂದು ಕಾಯ್ದೇನೂ ಹೊರಡಿಸಿಬಿಟ್ಟಿದ್ದ. ಈಗ ಯಾರ ಬರಲಿ, ಸಾಮಾನು ಟೇಬಲ್ ಮ್ಯಾಲ ಇಡೂದಿಲ್ಲ. ಮೊದಲು ಕಿಸೆದಾಗಿಂದ ಒಂದು ಹೊಸಾ ಸೆಲ್ ತಗೀತಾರ. "ಅಕ್ಕಾರ, ಮೊದಲ ನಿಮ್ಮ ಮೀಟರ್ ಪರೀಕ್ಷಾ ಆಗ್ಲಿ."

ದಿನಾ ಮುಂಜಾನೆ ಪಾಸಾಗತೇನಿ, ಆಮ್ಯಾಲ ಕೆಲಸ ಶುರು. ಹೋದ ವಾರ ಕಾಕಾನ ಬಂದ, ಸೆಲ್ ಹಚ್ಚಿದೆ, ಒಂದು ಪಾಯಿಂಟ್ ಮೂರು. ಅಂವ ಬಾಯಿ ತಗಿಯೂದ್ರಾಗ ಸ್ಕ್ರೂ ತಗದು, ಮೀಟರ್ ಬಿಚ್ಚಿ, ಸ್ಪಿರಿಟ್ ಸುರಿದು, ಬ್ರಶ್ ಹಚ್ಚಿ, ಮೈತುಂಬ ಬೆವತು ತಿಕ್ಕಿದೆ. ಮತ್ತ ಹಚ್ಚಿದೆ. ಒಂದು ಪಾಯಿಂಟ್ ಮೂರ. ಕಾಕಾ ಸೆಲ್ಲನ್ನ ಕಣ್ಣ ಹತ್ರ ಹಿಡಿದು ತಿರುವಿ ನೋಡಿದ.

"ಹೊಸಾದು ಮನ್ಯಾಗ ಉಳೀತು ಕಾಣತೇತಿ, ಇದು ಹಳೇ ಟಾರ್ಚ್ ಬ್ಯಾಟರ್‍ಯಾಗಿಂದು" ಅಂದ. "ಆದ್ರೂ ಚಲೋ ಆತು ಬಿಡು, ಮೀಟರ್ ಸ್ವಚ್ಛ ಆತು."