ಸಿಪ್ಪೆ ಹಸಿರಿಗೆ, ಕಾಗದ ನೀಲಿಗೆ

ತಿಂದದ್ದನ್ನು ಮುಚ್ಚಿಡುವುದು ಸುಲಭ, ಬಾಯಿ ಒರೆಸಿಕೊಂಡರೆ ಆಯಿತು. ಸಿಪ್ಪೆಯನ್ನು ಮುಚ್ಚಿಡುವುದು ಕಷ್ಟ. ಇದು ನನಗೆ ಗೊತ್ತಾದದ್ದು ಬೇರೆಯವರ ಮನೆಯ ಕಸದ ಡಬ್ಬಗಳಿಗೆ ಇಣುಕಿ ನೋಡಿ. ಹೌದು, ನಾನು ಇಣುಕುತ್ತೇನೆ. ಕೆಟ್ಟ ಅಭ್ಯಾಸ ಎಂದು ಮಗಳು ಜಯ ಹೇಳುತ್ತಾಳೆ. ಇರಬಹುದು. ಆದರೆ ಅವಳು ಬೆಳಿಗ್ಗೆ ಎದ್ದು ಚಹಾ ಕುಡಿಯುತ್ತಾ ಪೇಪರು ಓದುತ್ತಾಳಲ್ಲ, ಅದರಲ್ಲಿ ಇರುವುದೂ ಬೇರೆಯವರ ಮನೆಯ ಸುದ್ದಿಯೇ. ನನಗೆ ಓದಲು ಬರುವುದು ಕನ್ನಡ ಒಂದೇ, ಅದೂ ಮೂರನೇ ಕ್ಲಾಸಿನಷ್ಟು. ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋಗಬೇಕು. ದೇಶದ ರಾಜಧಾನಿಯ ಈ ಜನಕಪುರಿ ಬಡಾವಣೆಯಲ್ಲಿ ಅಂಗಡಿಯ ಬೋರ್ಡಿನಿಂದ ಹಿಡಿದು ಬಸ್ಸಿನ ಹಣೆಯವರೆಗೆ ಎಲ್ಲವೂ ಹಿಂದಿ, ಇಂಗ್ಲಿಷು. ಹೀಗಿರುವಾಗ ನನಗೆ ಅರ್ಥವಾಗುವ ಹಾಗೆ ಬೀದಿಯಲ್ಲಿ ತೆರೆದಿಟ್ಟ ವಸ್ತು ಒಂದೇ ಒಂದು. ಅದು ಕಸ.

ಕಸಕ್ಕೆ ಈ ಮರ್ಯಾದೆ ಬಂದದ್ದು ನಮ್ಮ ಕಾಲೊನಿಯ ಅಸೋಸಿಯೇಷನ್ನಿನವರಿಂದ. ಅದಕ್ಕೆ ಮುಂಚೆ ಎಲ್ಲವನ್ನೂ ಒಂದು ಕರಿ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದು, ಗೇಟಿನ ಹೊರಗೆ ಇಡುತ್ತಿದ್ದೆವು. ಕಸದ ಗಾಡಿಯವನು ಎತ್ತಿಕೊಂಡು ಹೋಗುತ್ತಿದ್ದ. ಯಾರ ಹೊಟ್ಟೆಯೊಳಗೆ ಏನು ಹೋಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಭಾನುವಾರ ಅಸೋಸಿಯೇಷನ್ನಿನವರು ಪಾರ್ಕಿನಲ್ಲಿ ಮೈಕು ಹಿಡಿದು ಭಾಷಣ ಮಾಡಿ ಮನೆಮನೆಗೆ ಎರಡು ಡಬ್ಬ ಕೊಟ್ಟರು, ಒಂದು ಹಸಿರು, ಒಂದು ನೀಲಿ. ಹಸಿ ಕಸ ಹಸಿರಿಗೆ, ಒಣ ಕಸ ನೀಲಿಗೆ, ಪ್ಲಾಸ್ಟಿಕ್ ಚೀಲ ಕಟ್ಟುವ ಹಾಗಿಲ್ಲ. ಮನೆಯಲ್ಲಿ ಹಗಲು ಇರುವವಳು ನಾನೊಬ್ಬಳೇ ಆದ್ದರಿಂದ ಡಬ್ಬದ ಕಾರುಬಾರು ನನಗೆ ಬಂತು. ಹತ್ತನೇ ಕ್ಲಾಸು ಓದುವ ಮೊಮ್ಮಗಳು ಅಂಕಿತಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು: "ಅಜ್ಜಿ, ಸಿಂಪಲ್ ಹೈ. ಸಿಪ್ಪೆ ಹಸಿರಿಗೆ, ಕಾಗದ ನೀಲಿಗೆ. ಸಮಝೀ?"

ಅರ್ಥವೇನೋ ಆಯಿತು, ಆದರೆ ತಲೆಯಲ್ಲಿ ಪ್ರಶ್ನೆಗಳು ಏಳತೊಡಗಿದವು. ತೆಂಗಿನ ಚಿಪ್ಪು ಹಸಿಯೋ ಒಣದೋ? ಹಾಲಿನ ಪ್ಯಾಕೆಟ್ ತೊಳೆಯುವ ಮುಂಚೆ ಹಸಿ, ತೊಳೆದು ಒಣಗಿಸಿದ ಮೇಲೆ ಒಣದು, ಸರಿ. ಹಾಗಾದರೆ ಕಿತ್ತಳೆ ಸಿಪ್ಪೆಯನ್ನು ಬಿಸಿಲಿಗೆ ಇಟ್ಟರೆ ಅದೂ ನೀಲಿಗೆ ಹೋಗಬೇಕಲ್ಲ? ದೇವರ ಹೂವನ್ನು ಎಂಜಲಿನ ಜೊತೆ ಹಾಕುವುದು ಹೇಗೆ? ತಲೆ ಬಾಚಿದ ಕೂದಲು? ಅಳಿಯನ ಹಳೆ ದಿಂಬು? "ಅಜ್ಜಿ, ಬಸ್ ಕರೋ, ಸಾಕು, ನನಗೆ ಬೋರ್ಡ್ ಎಕ್ಸಾಮ್ ಇದೆ" ಎಂದು ಮೊಮ್ಮಗಳು ಕೈಮುಗಿದಳು. ಮಂಡ್ಯದ ಕಡೆಯ ನಮ್ಮೂರಲ್ಲಿ ಮನೆಗೊಂದು ತಿಪ್ಪೆ ಇರುತ್ತಿತ್ತು, ಎಲ್ಲವನ್ನೂ ಅದಕ್ಕೆ ಎಸೆದರೆ ವರ್ಷಕ್ಕೊಮ್ಮೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ತಿಪ್ಪೆ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಇಲ್ಲಿ ನೋಡಿದರೆ ಕಸಕ್ಕೂ ಜಾತಿ ಹೇಳಬೇಕು.

ಆದರೂ ಹಸಿರು ಡಬ್ಬ ಬಂದ ಮೇಲೆ ನನ್ನ ಬೆಳಗಿನ ತಿರುಗಾಟಕ್ಕೆ ಕಳೆ ಬಂತು. ಮಂಡಿ ನೋವಿಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಡೆಯುವುದು ಬೇಜಾರಿನ ಕೆಲಸ, ಇಣುಕುತ್ತಾ ನಡೆದರೆ ದಾರಿ ಸವೆದದ್ದೇ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಬೀದಿಗೆ ಬೀದಿಯೇ ಬಟಾಣಿ ಸಿಪ್ಪೆ. ನವರಾತ್ರಿಯಲ್ಲಿ ಈರುಳ್ಳಿ ಸಿಪ್ಪೆ ಮಾಯವಾಗಿ ಆಲೂಗಡ್ಡೆಯದು ತುಂಬಿರುತ್ತದೆ. ಉಪವಾಸವೆಂದರೆ ಇವರು ಎಷ್ಟು ತಿನ್ನುತ್ತಾರೆ ಎಂದು ನನಗೆ ಆಗಲೇ ಗೊತ್ತಾದದ್ದು. ಮೂಲೆ ಮನೆಯವರ ಡಬ್ಬದಲ್ಲಿ ಒಂದು ದಿನ ಮುರಿಯದ ರೊಟ್ಟಿ ರಾಶಿ ಬಿದ್ದಿತ್ತು. ಗಂಡ ಹೆಂಡತಿ ಜಗಳವಾಡಿ ಇಬ್ಬರೂ ಉಂಡಿಲ್ಲ ಎಂದುಕೊಂಡೆ. ಸಂಜೆ ಆ ಹೆಂಗಸು ಕಣ್ಣು ಊದಿಸಿಕೊಂಡು ತರಕಾರಿಗೆ ಬಂದಿದ್ದಳು. ಎದುರು ಸಾಲಿನ ರಿಟೈರಾದ ಮನುಷ್ಯನ ಡಬ್ಬದಲ್ಲಿ ಯಾವಾಗಲೂ ಚಹಾದ ಚರಟ, ಬ್ರೆಡ್ಡಿನ ಅಂಚು. ಒಂದು ದಿನ ಪಾಲಕ್ ಬೇರು ಕಂಡಿತು. ಅಡಿಗೆಯವಳು ಬಂದಿದ್ದಾಳೆ, ಇಲ್ಲವೇ ಮಗಳು ಬಂದಿದ್ದಾಳೆ ಎಂದು ಜಯಳಿಗೆ ಹೇಳಿದೆ. ಮಗಳೇ ಬಂದಿದ್ದಳು. "ಅವ್ವ, ನೀನು ಸಿಬಿಐಗೆ ಸೇರು" ಎಂದಳು ಜಯ. ನೀಲಿ ಡಬ್ಬಗಳನ್ನು ಮಾತ್ರ ನಾನು ನೋಡುತ್ತಿರಲಿಲ್ಲ. ಕಾಗದ, ಡಬ್ಬಿ, ಅಕ್ಷರ. ನನಗೆ ಅದರಲ್ಲಿ ಏನಿದೆ?

ಹೀಗೆ ಊರಿನವರ ಡಬ್ಬಕ್ಕೆಲ್ಲ ಇಣುಕುವಾಗ ನಮ್ಮ ಡಬ್ಬವೂ ಬೀದಿಯಲ್ಲೇ ಇದೆ ಎಂಬುದು ನೆನಪಾಗಿ ಅರ್ಧ ದಾರಿಯಿಂದಲೇ ಮನೆಗೆ ತಿರುಗಿದೆ. ಯಾಕೆಂದರೆ ನಮ್ಮದು ಬಾಡಿಗೆ ಮನೆ, ನಮ್ಮದು ಕೆಳಗಿನದು, ಮಾಲೀಕರದು ಮೇಲಿನದು. ಮಾಲಕಿ ಕಮಲೇಶ್‌ಜಿ. ಹೆಂಗಸೇ, ಇಲ್ಲಿ ಹೆಂಗಸರಿಗೂ ಆ ಹೆಸರು ಇಡುತ್ತಾರೆ. ಅವರದು ಈರುಳ್ಳಿ ಹೆಚ್ಚಿದರೂ ಕಿಟಕಿ ತೆರೆಯುವ ಮನೆ. ಮನೆ ಕೊಡುವಾಗಲೇ ಮಾಂಸ, ಮೀನು, ಮೊಟ್ಟೆ ಕೂಡದು ಎಂದು ಕಾಗದದಲ್ಲಿ ಬರೆಸಿದ್ದರು. ವಾಯುಸೇನೆಯ ಕಚೇರಿಯಲ್ಲಿರುವ ನನ್ನ ಅಳಿಯ ಚಂದ್ರಪ್ಪ, ಕ್ವಾರ್ಟರ್ಸ್ ಸಿಗುವವರೆಗೆ ತಾನೇ ಎಂದು ರುಜು ಹಾಕಿದ. ಕೋಳಿ ಬೇಕಾದರೆ ಹೊರಗೆ ಹೋಗಿ ತಿಂದು ಬರುತ್ತಿದ್ದೆವು. ಮಾತಿಗೆ ತಪ್ಪಿರಲಿಲ್ಲ. ಅಷ್ಟರಲ್ಲಿ ಅಂಕಿತಾ ತಲೆ ಸುತ್ತಿ ಸ್ಕೂಲಿನಲ್ಲಿ ಬಿದ್ದಳು. ರಕ್ತ ಕಡಿಮೆ ಎಂದು ಡಾಕ್ಟರು ಮಾತ್ರೆ ಕೊಟ್ಟರು, ದಿನವೂ ಮೊಟ್ಟೆ ಕೊಡಿ ಎಂದರು. ಅಳಿಯ ಕಚೇರಿಯ ಹತ್ತಿರದಿಂದ ದೊಡ್ಡ ರಟ್ಟಿನ ತಟ್ಟೆಯಲ್ಲಿ ಮೊಟ್ಟೆ ತಂದು, ಮೇಲೆ ಬೆಡ್‌ಶೀಟು ಹೊದಿಸಿ, ಮಗುವನ್ನು ಎತ್ತಿಕೊಂಡು ಬಂದ ಹಾಗೆ ಮನೆಯೊಳಗೆ ತಂದ. ಕರಿ ಚೀಲದ ಕಾಲವಾಗಿದ್ದರೆ ಯೋಚನೆ ಇರುತ್ತಿರಲಿಲ್ಲ. ಈಗ ಮೊಟ್ಟೆಯ ಚಿಪ್ಪನ್ನು ಹಸಿರು ಡಬ್ಬಕ್ಕೆ ಹಾಕಿದರೆ, ಕಮಲೇಶ್‌ಜಿಯ ಡಬ್ಬದ ಪಕ್ಕದಲ್ಲೇ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಹಿಂದಿನ ಬೀದಿಯಲ್ಲಿ ಮೀನು ಹುರಿದ ಒಬ್ಬರಿಂದ ತಿಂಗಳೊಳಗೆ ಮನೆ ಬಿಡಿಸಿದ್ದರು. ಪರೀಕ್ಷೆಯ ವರ್ಷದಲ್ಲಿ ಗಂಟುಮೂಟೆ ಕಟ್ಟಿಕೊಂಡು ನಾವು ಎಲ್ಲಿಗೆ ಹೋಗುವುದು?

ನಾನು ಉಪಾಯ ಮಾಡಿದೆ. ಚಿಪ್ಪನ್ನು ತೊಳೆದು, ಒಣಗಿಸಿ, ನನ್ನ ಎಲೆಅಡಿಕೆ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಅಂಗಳದ ಕರಿಬೇವಿನ ಕುಂಡಕ್ಕೆ ಹಾಕಿದೆ. ಈ ಊರಿನ ಚಳಿಗೆ ಕಡ್ಡಿಯಾಗಿ ನಿಂತಿದ್ದ ಕರಿಬೇವು ಮಳೆ ಬಿದ್ದದ್ದೇ ಮದುಮಗಳ ಹಾಗೆ ತುಂಬಿಕೊಂಡಿತು. ಕಮಲೇಶ್‌ಜಿ ಮೇಲಿನಿಂದ ಬಗ್ಗಿ, "ಮಾತಾಜಿ, ಇದಕ್ಕೇನು ತಿನ್ನಿಸುತ್ತೀರಿ?" ಎಂದು ಕೇಳಿದರು. ಅವರ ಹಿಂದಿಯನ್ನು ನಾನು ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ. "ಹುಳಿ ಮಜ್ಜಿಗೆ" ಎಂದೆ. ಪೂರ್ತಿ ಸುಳ್ಳಲ್ಲ, ನಮ್ಮಲ್ಲಿ ಕರಿಬೇವಿಗೆ ಮಜ್ಜಿಗೆ ಹಾಕುತ್ತಾರೆ. ಅವರು ಅದನ್ನೇ ತಮ್ಮ ಗುಲಾಬಿಗೆ ಹಾಕತೊಡಗಿದರು. ನಾನು ಬಾಯಿ ಮುಚ್ಚಿಕೊಂಡು ಕುಟ್ಟುತ್ತಾ ಹೋದೆ. ಹಸಿರು ಡಬ್ಬದಲ್ಲಿ ಹುಡುಕಿದರೂ ಮೊಟ್ಟೆಯ ಒಂದು ಚೂರು ಸಿಗದ ಹಾಗೆ ನೋಡಿಕೊಂಡೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ದೀಪಾವಳಿ ಕಳೆಯಿತು. ಇಲ್ಲಿ ದೀಪಾವಳಿಗೆ ಯಾರ ಮನೆಗೆ ಯಾರು ಹೋದರೂ ಸೋನ್ ಪಾಪ್ಡಿಯ ಡಬ್ಬ ಕೈಯಲ್ಲಿರುತ್ತದೆ. ನಮ್ಮ ಬೀರುವಿನ ಮೇಲೆ ಅವು ಗೋಡೆಯ ಹಾಗೆ ಕೂತಿದ್ದವು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಮುಟ್ಟಕೂಡದೆಂದು ಜಯ ಕಟ್ಟಪ್ಪಣೆ ಮಾಡಿದ್ದಳು. ಗೋಡೆ ದಿನದಿಂದ ದಿನಕ್ಕೆ ತಗ್ಗುತ್ತಿತ್ತು. ಅಂಕಿತಾಗೆ ಬೈಗುಳ ಬೀಳುತ್ತಿತ್ತು. ಅದು ಬೇರೆ ವಿಷಯ ಬಿಡಿ.

ಒಂದು ಬೆಳಿಗ್ಗೆ ನಾನು ತಿರುಗಾಟ ಮುಗಿಸಿ ಬಂದರೆ ಕಮಲೇಶ್‌ಜಿ ನಮ್ಮ ಡಬ್ಬಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನು ನೋಡಿ, "ಸಂಜೆ ದಾಮಾದ್‌ಜಿಯನ್ನು ಮೇಲೆ ಕಳಿಸಿ. ಡಬ್ಬದ ವಿಷಯ ಮಾತಾಡಬೇಕು" ಎಂದು ಹೇಳಿ ಹೋದರು. ಅಳಿಯನ ಕಿವಿಗೆ ಇದು ಬಿದ್ದದ್ದೇ ಅವನು ಬಾಡಿಗೆಯ ಕಾಗದ ಹುಡುಕತೊಡಗಿದ. "ಅತ್ತೆ, ಚಿಪ್ಪು ಏನಾದರೂ ಬಿತ್ತಾ?" "ಒಂದು ಚೂರೂ ಬಿದ್ದಿಲ್ಲ" ಎಂದೆ. "ಮತ್ತೆ ಹೇಗೆ ಗೊತ್ತಾಯ್ತು?" ಎಂದು ಜಯ ಅಡಿಗೆಮನೆಯಿಂದಲೇ ಅಳುವ ದನಿ ತೆಗೆದಳು. "ಮಮ್ಮಿ, ನಾನು ಇನ್ನು ಅಂಡಾ ತಿನ್ನಲ್ಲ" ಎಂದಳು ಅಂಕಿತಾ. "ಸುಮ್ಮನೆ ತಿನ್ನು" ಎಂದೆ. ಗಂಡಸು ಹೋದರೆ ತಪ್ಪಾಯಿತೆಂದು ಕಾಲಿಗೆ ಬೀಳುತ್ತಾನೆ. ರುಜು ಹಾಕಿದವನು ಅವನು, ಹಾಕದವಳು ನಾನು. ನಾನೇ ಹೋಗುತ್ತೇನೆ ಎಂದು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಕಮಲೇಶ್‌ಜಿ ನೆಲದ ಮೇಲೆ ಕೂತಿದ್ದರು. ಸುತ್ತ ದೀಪಾವಳಿಯ ಮಣ್ಣಿನ ಹಣತೆಗಳು, ಬಣ್ಣ ಬಳಿದು ಕನ್ನಡಿ ಚೂರು ಅಂಟಿಸಿದವು. ಒಂದೊಂದನ್ನೂ ಒರೆಸಿ, ಬೂದು ಬಣ್ಣದ ತಟ್ಟೆಯ ಕುಳಿಗಳಲ್ಲಿ ಕೂರಿಸುತ್ತಿದ್ದರು. ಆ ತಟ್ಟೆಯನ್ನು ಬಗ್ಗಿ ನೋಡಿದೆ. ಅದು ನಮ್ಮ ಮೊಟ್ಟೆಯ ತಟ್ಟೆ. ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಇಷ್ಟು ತಿಂಗಳಿನವೆಲ್ಲ ಅಲ್ಲೇ ಇದ್ದವು. ಖಾಲಿಯಾದ ತಟ್ಟೆಯನ್ನು ನಾನೇ ನೀಲಿ ಡಬ್ಬಕ್ಕೆ ಹಾಕುತ್ತಿದ್ದೆ. ಕಾಗದ ನೀಲಿಗೆ ಎಂದು ಮೊಮ್ಮಗಳು ಹೇಳಿದ್ದಳಲ್ಲ. ಅದು ಮೊಟ್ಟೆಯ ಕುರುಹು ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಮೊಟ್ಟೆ ಇರುತ್ತಿದ್ದದ್ದು ಕೋಳಿಯ ಕೆಳಗೆ, ಇಲ್ಲವೇ ರಾಗಿಯ ಮಡಕೆಯೊಳಗೆ. ತಟ್ಟೆ ನನ್ನ ಕಣ್ಣಿಗೆ ಬರೀ ರಟ್ಟು.

"ಆಯಿಯೇ ಮಾತಾಜಿ" ಎಂದು ಅವರು ಒಂದು ಹರಿದ ತಟ್ಟೆಯ ಚೂರುಗಳನ್ನು ಎತ್ತಿ ತೋರಿಸಿದರು. "ಇದನ್ನು ಯಾಕೆ ಹರಿದು ಹಾಕಿದಿರಿ? ಇನ್ನೊಂದು ಸಾಲು ಹಣತೆ ಉಳಿದಿದೆ, ಎಲ್ಲಿ ಇಡಲಿ?"

ರಟ್ಟನ್ನು ಹರಿದು ಹಾಕಿದರೆ ಡಬ್ಬದಲ್ಲಿ ಜಾಗ ಉಳಿಯುತ್ತದೆ ಎಂದು ಅಂಕಿತಾ ಹೊಸ ಪಾಠ ಹೇಳಿದ್ದಳು. ನಾನು ಅದನ್ನು ಹೇಳದೆ ನೆಟ್ಟಗೆ ಕೇಳಿದೆ: "ಮನೆ ಬಿಡಬೇಕಾ?"

"ಯಾಕೆ ಬಿಡುತ್ತೀರಿ? ಕ್ವಾರ್ಟರ್ಸ್ ಸಿಕ್ಕಿತಾ?"

"ಮೊಟ್ಟೆ."

ಅವರು ಹಣತೆಯನ್ನು ಫೂ ಎಂದು ಊದಿದರು. "ಕಾಗದದಲ್ಲಿ ಬರೆಸಿದ್ದು ನಮ್ಮ ಯಜಮಾನರು. ಹುರಿದರೆ, ಕರಿದರೆ ನನಗೆ ವಾಕರಿಕೆ ಬರುತ್ತದೆ, ಹಾಗೇನಾದರೂ ಆಗಿದ್ದರೆ ಕೇಳುತ್ತಿದ್ದೆ. ನೀವು ನೀರಲ್ಲಿ ಬೇಯಿಸುತ್ತೀರಿ, ವಾಸನೆ ಇಲ್ಲ. ನಿಮ್ಮ ನೀಲಿ ಡಬ್ಬದಲ್ಲಿ ರಕ್ತದ ಮಾತ್ರೆಯ ಖಾಲಿ ಪಟ್ಟಿಗಳು ಬೀಳುತ್ತಿದ್ದವು. ಜೊತೆಗೆ ತಟ್ಟೆಯೂ ಬೀಳುತ್ತಿತ್ತು, ಬರಬರುತ್ತಾ ಪಟ್ಟಿ ನಿಂತುಹೋಯಿತು. ಮೊಟ್ಟೆ ಹುಡುಗಿಯ ಮೈಗೆ ಹಿಡಿಯಿತು ಅಂದುಕೊಂಡೆ. ತಟ್ಟೆಗೆ ಗಂಗಾಜಲ ಚಿಮುಕಿಸಿ ಇಟ್ಟುಕೊಂಡೆ." ಆಮೇಲೆ ದನಿ ಏರಿಸಿದರು. "ಆದರೆ ಒಂದು ಮಾತು. ಚಿಪ್ಪು ನಿಮ್ಮ ಗಿಡಕ್ಕೆ, ಮಜ್ಜಿಗೆ ನನ್ನ ಗುಲಾಬಿಗಾ? ಆ ಮಜ್ಜಿಗೆಗೆ ಬಂದ ಇರುವೆಗಳು ಇನ್ನೂ ಹೋಗಿಲ್ಲ!"

"ಚಿಪ್ಪಿನ ವಿಷಯ ಯಾರು ಹೇಳಿದರು?"

"ಕುಟ್ಟುವ ಸದ್ದು ನನಗೆ ಕೇಳಿಸುವುದಿಲ್ಲವಾ? ಇಷ್ಟೊಂದು ಅಡಿಕೆ ಯಾರು ತಿನ್ನುತ್ತಾರೆ?"

ನಾಳೆಯಿಂದ ಪುಡಿಯಲ್ಲಿ ಅರ್ಧ ನಿಮ್ಮ ಗುಲಾಬಿಗೆ, ತಟ್ಟೆ ಹರಿಯದೆ ಕೈಗೇ ಕೊಡುತ್ತೇನೆ ಎಂದು ಹೇಳಿ ಹೊರಟೆ. ಬಾಗಿಲವರೆಗೆ ಬಂದಾಗ ಅವರು ಹಿಂದಿನಿಂದ, "ಮಾತಾಜಿ, ಮಗಳು ಆಫೀಸಿಗೆ ಹೋದ ಮೇಲೆ ನೀಲಿ ಡಬ್ಬಕ್ಕೆ ಸೋನ್ ಪಾಪ್ಡಿಯ ಖಾಲಿ ಡಬ್ಬ ಬೀಳುತ್ತದಲ್ಲ, ಅದು ಯಾರದು?" ಎಂದರು. ನಾನು ತಿರುಗಿ ನೋಡಿದೆ. ಅವರು ತಲೆ ಬಗ್ಗಿಸಿ ಹಣತೆ ಒರೆಸುತ್ತಿದ್ದರು. "ನಾನು ಹೇಳುವುದಿಲ್ಲ ಬಿಡಿ. ತಟ್ಟೆ ಮಾತ್ರ ಹರಿಯಬೇಡಿ."

ಕೆಳಗೆ ಮೂವರೂ ಬಾಗಿಲಲ್ಲೇ ನಿಂತಿದ್ದರು. "ಮನೆ ಬಿಡಬೇಕಾಗಿಲ್ಲ, ಮೊಟ್ಟೆ ಬೇಯಿಸಿ. ತಟ್ಟೆ ಹರಿಯಬಾರದಂತೆ" ಎಂದೆ. ಅಳಿಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜಯ ಮಾತ್ರ ನನ್ನ ಮುಖವನ್ನೇ ನೋಡುತ್ತಾ, "ಅಷ್ಟೇನಾ ಅವ್ವ? ಇನ್ನೇನಾದರೂ ಹೇಳಿದ್ರಾ?" ಎಂದು ಕೇಳಿದಳು. "ಇನ್ನೇನು ಹೇಳ್ತಾರೆ?" ಎಂದು ಒಳಗೆ ಹೋದೆ.

ಈಗ ನನ್ನ ತಿರುಗಾಟಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ನೀಲಿ ಡಬ್ಬಗಳನ್ನೂ ನೋಡಬೇಕಲ್ಲ. ಆ ಅಕ್ಷರ ಬಾರದಿದ್ದರೂ ಅದರಲ್ಲಿ ಎಷ್ಟೋ ಗೊತ್ತಾಗುತ್ತದೆ. ಮೂಲೆ ಮನೆಯವಳು ತಲೆಗೆ ಬಣ್ಣ ಹಚ್ಚುತ್ತಾಳೆ, ರಿಟೈರಾದ ಮನುಷ್ಯ ಬರೀ ಚಹಾ ಕುಡಿಯುವವನಲ್ಲ. ನಮ್ಮ ನೀಲಿ ಡಬ್ಬದಲ್ಲಿ ಮಾತ್ರ ಈಗ ಯಾರಿಗೂ ಏನೂ ಸಿಗುವುದಿಲ್ಲ. ಸೋನ್ ಪಾಪ್ಡಿಯ ಖಾಲಿ ಡಬ್ಬಗಳು ನನ್ನ ಮಂಚದ ಕೆಳಗೆ, ಹಳೆ ಸೀರೆಯ ಹಿಂದೆ ಇವೆ. ಅವನ್ನು ಹಸಿರಿಗೆ ಹಾಕುವ ಹಾಗಿಲ್ಲ, ನೀಲಿಗೆ ಹಾಕುವ ಹಾಗಿಲ್ಲ. ಅಂಥ ಕಸಕ್ಕೆ ಅಸೋಸಿಯೇಷನ್ನಿನವರು ಇನ್ನೂ ಡಬ್ಬ ಕೊಟ್ಟಿಲ್ಲ.